ಕರಸ್ಥಲ ಮತ್ತು ಕವಳ



ಇಷ್ಟಲಿಂಗವನ್ನು ಇಟ್ಟು ಪೂಜಿಸುವುದು ಎಡ ಅಂಗೈಯಲ್ಲಿ. ಅದನ್ನೇ ಕರಸ್ಥಲವೆನ್ನುತ್ತೇವೆ. ಭಟ್ಕಳ, ಹೊನ್ನಾವರ, ಕುಮಟಾ ಕಡೆಗಳಲ್ಲಿ ತಂಬಾಕಿಗೆ ಸುಣ್ಣ ಸೇರಿಸಿ ಹೆಬ್ಬೆರಳಿನಿಂದ ತಿಕ್ಕುವುದೂ ಅದೇ ಅಂಗೈಯಲ್ಲಿ. ಬೆಳಿಗ್ಗೆ ಲಿಂಗದ ಪೀಠ, ಮಧ್ಯಾಹ್ನ ಹೊಗೆಸೊಪ್ಪಿನ ಒರಳು!

“ಹಿರಿಯರಿಂದ ಬಂದದ್ದು, ಬುದ್ಧಿ” ಎನ್ನುವವರುಂಟು. ಯಾವ ಹಿರಿಯರಿಂದ? ಕಲ್ಯಾಣದ ಶರಣರು ಹೊಗೆಸೊಪ್ಪನ್ನು ಕಂಡವರೇ ಅಲ್ಲ. ಅದು ಅಮೇರಿಕಾ ಖಂಡದ ಗಿಡ. ಪೋರ್ತುಗೀಸರು ನಮ್ಮ ಪಡುವಣ ಕರಾವಳಿಗೆ ಬಂದ ಮೇಲೆ ಈ ನಾಡಿಗೆ ಬಂದದ್ದು. ಅಷ್ಟು ಹೊತ್ತಿಗೆ ಬಸವಣ್ಣನವರ ಕಾಲ ಮುಗಿದು ಮುನ್ನೂರು ವರ್ಷಗಳ ಮೇಲಾಗಿತ್ತು.

ಲಿಂಗಕ್ಕೆ ಅರ್ಪಿಸದೆ ಏನನ್ನೂ ಬಾಯಿಗಿಡಬಾರದೆಂಬುದು ನಮ್ಮ ಆಚಾರ. ಪಾಟೀಚೀಲದಲ್ಲಿ ಬಚ್ಚಿಟ್ಟ ಗುಟ್ಕಾ ಪೊಟ್ಟಣವನ್ನು ಹುಡುಗನು ಲಿಂಗದ ಮುಂದಿಟ್ಟು ಪ್ರಸಾದವೆನ್ನಬಲ್ಲನೆ? ಆದರೆ ಅವನನ್ನು ಕೇಳುವ ಮೊದಲು ಜಗಲಿಯ ಮೇಲಿನ ಅಜ್ಜನನ್ನು ಕೇಳಬೇಕು. “ತಮ್ಮಾ, ಕವಳದ ತಟ್ಟೆ ತಾರೋ” ಎಂದವರು ಯಾರು? ಅಂಗಡಿಗೆ ಅಟ್ಟಿ ಹೊಗೆಸೊಪ್ಪು ತರಿಸಿದವರು ಯಾರು? ಆ ಕೂಸಿಗೆ ಅದರ ವಾಸನೆಯ ಪರಿಚಯ ಆದದ್ದೇ ನಮ್ಮ ಮನೆಯೊಳಗೆ.

ಸರಕಾರ ಸುಮ್ಮನೆ ಕುಳಿತಿಲ್ಲ. 2003ರ ಕಾಯಿದೆ 18 ವರ್ಷದೊಳಗಿನವರಿಗೆ ತಂಬಾಕು ಮಾರಬಾರದೆಂದಿತು. 2025ರಿಂದ ನಮ್ಮ ರಾಜ್ಯದಲ್ಲಿ ಆ ವಯಸ್ಸು 21. 2013ರಲ್ಲಿ ಗುಟ್ಕಾ ನಿಷೇಧವಾಯಿತು. ವ್ಯಾಪಾರಿ ಏನು ಮಾಡಿದ? ಪಾನ್ ಮಸಾಲೆಯದೊಂದು ಪೊಟ್ಟಣ, ತಂಬಾಕಿನದೊಂದು ಪೊಟ್ಟಣ. ಬೆರೆಸಿಕೊಳ್ಳುವ ಕೆಲಸ ಮಾತ್ರ ಹುಡುಗನಿಗೆ ಬಿತ್ತು.

ಇನ್ನೊಂದು ಮಾತು. ಅಡಿಕೆ ತೋಟದಿಂದಲೇ ಒಲೆ ಉರಿಯುವ ಮನೆಗಳಲ್ಲಿ ಇದನ್ನು ಹೇಳುವುದು ಕಷ್ಟ, ಹೇಳದೆ ಇರುವುದು ಇನ್ನೂ ಕಷ್ಟ. ತಂಬಾಕಿಲ್ಲದ ಬರಿಯ ಅಡಿಕೆಯೂ ಬಾಯಿಯ ಒಳಚರ್ಮವನ್ನು ನಾರಿನಂತೆ ಬಿಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2004ರಲ್ಲಿಯೇ ಅಡಿಕೆಯನ್ನು ಕ್ಯಾನ್ಸರ್ ತರುವ ಪದಾರ್ಥಗಳ ಸಾಲಿಗೆ ಸೇರಿಸಿದರು. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಬರಬರುತ್ತ ದವಡೆ ತೆರೆಯದು. ಹಾಗೆ ಬಿಗಿದ ಬಾಯಿ ಮೊದಲಿನಂತಾಗುವುದು ದುರ್ಲಭ.

ತಾಯಂದಿರೆ, ಇಂದು ರಾತ್ರಿ ಊಟಕ್ಕೆ ಬಡಿಸುವಾಗ ಮಗನ ಕಡೆ ನೋಡಿರಿ. ಸಾರು ಖಾರವೆಂದು ತಟ್ಟೆ ದೂಡಿದನೆ? ಹಾಗಾದರೆ ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ ಬಾಯಿಯೊಳಗಿಡಲು ಹೇಳಿರಿ. ಹೋಗದಿದ್ದರೆ ಬಯ್ಯಬೇಡಿರಿ, ಹೊಡೆಯಬೇಡಿರಿ. ಮರುದಿನವೇ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಅಜ್ಜನೂ ಜೊತೆಗೆ ಹೋಗಲಿ.