ಮಳೆಗಾಲದ ಉಗ್ರಾಣ, ಮಳೆಗಾಲದ ಬಿಡುವು

ಶಿಕಾರಿಪುರ, ಸೊರಬ ಸೀಮೆಯನ್ನು ಅರೆಮಲೆನಾಡು ಎನ್ನುವುದು ರೂಢಿ. ಒಂದು ಕಡೆ ಸಾಗರ, ಹೊಸನಗರಗಳ ಕಾಡು, ಇನ್ನೊಂದು ಕಡೆ ಹಿರೇಕೆರೂರು, ಹೊನ್ನಾಳಿಗಳ ಬಯಲು. ನಡುವೆ ಕುಮುದ್ವತಿ, ದಂಡಾವತಿ, ವರದಾ ನದಿಗಳ ನೀರುಂಡ ಗದ್ದೆಗಳು, ಅಡಿಕೆ ತೋಟಗಳು, ಖುಷ್ಕಿಯಲ್ಲಿ ಮೆಕ್ಕೆಜೋಳ. ಇಲ್ಲಿ ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳು ಹಿಡಿದವೆಂದರೆ ಹಿಂದೆ ಸಂತೆಗೆ ಹೋಗುವುದೂ ಕಷ್ಟವಿತ್ತು. ಆಗ ಮನೆಯನ್ನು ಸಾಕುತ್ತಿದ್ದದ್ದು ಉಗ್ರಾಣ.

ಆ ಉಗ್ರಾಣದಲ್ಲಿ ಏನೇನಿರುತ್ತಿತ್ತು? ಕಣಜದಲ್ಲಿ ಭತ್ತ. ಡಬ್ಬಿಯಲ್ಲಿ ಹಲಸಿನ ಹಪ್ಪಳ, ಅಕ್ಕಿ ಸಂಡಿಗೆ. ಭರಣಿಯಲ್ಲಿ ಅಪ್ಪೆಮಿಡಿ. ಕೆಮ್ಮಣ್ಣು ಸವರಿ ಇಟ್ಟ ಹಲಸಿನ ಬೀಜ. ಅಟ್ಟದ ಜಂತಿಗೆ ಬಾಳೆಯ ನಾರಿನಿಂದ ಕಟ್ಟಿ ತೂಗುಬಿಟ್ಟ ಸೌತೆಕಾಯಿ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಟ್ಟ ಹುಣಸೆ, ಬೀಜದ ಕಾಳು.

ಇವುಗಳಲ್ಲಿ ಹಲವುದರ ಹಿಂದಿರುವ ವಿಜ್ಞಾನ ಒಂದೇ: ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ನೀರು ಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲು ಹಪ್ಪಳದ ನೀರನ್ನು ತೆಗೆಯುತ್ತದೆ. ಮಾವಿನ ಮಿಡಿಗೆ ಹರಳುಪ್ಪು ಹಾಕಿದರೆ ಉಪ್ಪು ಮಿಡಿಯೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ. ಅದಕ್ಕೇ ಮಿಡಿ ಸುಕ್ಕುಗಟ್ಟುತ್ತದೆ. ಒಲೆಯ ಬಿಸಿ ಮತ್ತು ಹೊಗೆ ಮಳೆಗಾಲದ ತೇವವನ್ನು ದೂರವಿಡುತ್ತವೆ.

ಕೂಡಿಡುವುದು ಅರ್ಧ ಕೆಲಸ. ಉಳಿದರ್ಧ, ಕ್ರಮವಾಗಿ ಬಳಸಿ ಮುಗಿಸುವುದು. ಬೇಗ ಕೆಡುವ ಹಲಸಿನ ಬೀಜ ಮೊದಲು, ಸೌತೆಕಾಯಿ ಆಮೇಲೆ, ಹಪ್ಪಳ ಇನ್ನೂ ಆಮೇಲೆ. ಹೊಸ ಉಪ್ಪಿನಕಾಯಿಗೆ ಕೈಹಾಕುವ ಮೊದಲು ಹಳೆಯ ಭರಣಿ ಬರಿದಾಗಬೇಕು. ಮುಂದಿನ ಬೆಳೆ ಬರುವ ಹೊತ್ತಿಗೆ ಕಣಜದ ತಳ ಕಂಡರೂ ಭತ್ತ ತೀರಿಹೋಗಿರಬಾರದು. ಇದು ಜಿಪುಣತನವಲ್ಲ, ಲೆಕ್ಕಾಚಾರ.

ಆದರೆ ಈ ಲೆಕ್ಕಕ್ಕೂ ಒಂದು ಮಿತಿಯಿದೆ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದರಲ್ಲಿದ್ದದ್ದು ಅಫ್ಲಾಟಾಕ್ಸಿನ್ ಎಂಬ ವಿಷ. ಅದು ಮಾಮೂಲಿ ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ. ಮೆಕ್ಕೆಜೋಳ ಬೆಳೆಯುವ ಶಿಕಾರಿಪುರದ ಮಕ್ಕಳು ಇದನ್ನು ಚೆನ್ನಾಗಿ ನೆನಪಿಡಬೇಕು. ಬೂಷ್ಟು ಹಿಡಿದ ಕಾಳು, ಶೇಂಗಾಗಳನ್ನು ತೊಳೆದು, ಹುರಿದು ತಿನ್ನುವುದು ಉಳಿತಾಯವಲ್ಲ. ಅದನ್ನು ದನಕ್ಕೂ ಹಾಕಬಾರದು.

ಇನ್ನು ಬಿಡುವಿನ ಮಾತು. ನಮ್ಮ ಹಿರಿಯರು ದುಡಿಮೆಗೆ ಎಷ್ಟು ಬೆಲೆ ಕೊಟ್ಟರೋ ವಿಶ್ರಾಂತಿಗೂ ಅಷ್ಟೇ ಕೊಟ್ಟರು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ಪದ್ಧತಿ ನಾಡಿನ ಅನೇಕ ಕಡೆ ಇದೆ. ಆಶ್ವೀಜ ಮಾಸದ ಭೂಮಿ ಹುಣ್ಣಿಮೆ ಈ ಸೀಮೆಯ ದೊಡ್ಡ ಹಬ್ಬ. ಪೈರು ಹೊಡೆ ತುಂಬುವ ಆ ಕಾಲದಲ್ಲಿ ಭೂಮಿಯನ್ನು ತುಂಬು ಗರ್ಭಿಣಿ ಎಂದು ಭಾವಿಸಿ ಬಯಕೆಯ ಊಟ ಬಡಿಸುತ್ತಾರೆ. ಹೆಂಗಸರು ಚಿತ್ತಾರ ಬರೆದು ಸಿಂಗರಿಸುವ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಸೊಪ್ಪು, ತರಕಾರಿಗಳ ಅಡುಗೆ ಹೊಲಕ್ಕೆ ಹೋಗುತ್ತದೆ. ಕೊಡುವವಳಿಗೂ ದಣಿವುಂಟು, ಅವಳಿಗೂ ಉಪಚಾರ ಬೇಕು ಎಂಬುದೇ ಅದರ ಅರ್ಥ.

ಹಾಗಾದರೆ ಒಂದು ಪ್ರಶ್ನೆ. ಎತ್ತಿಗೆ ಬಿಡುವುಂಟು, ನೆಲಕ್ಕೆ ಉಪಚಾರವುಂಟು. ಒಲೆಯ ಮುಂದೆ ನಿಂತವರಿಗೆ? ಜಡಿಮಳೆಯ ದಿನ ಗಂಡಸರು ಜಗಲಿಯಲ್ಲಿ ಕಂಬಳಿ ಹೊದ್ದು ಕೂತಾಗ ಹಸಿ ಸೌದೆ ಊದಿ ಹಪ್ಪಳ ಸುಟ್ಟು ಕೊಟ್ಟವರು ಯಾರು? ಬೇಸಿಗೆಯ ಬಿಸಿಲಲ್ಲಿ ಆ ಹಪ್ಪಳವನ್ನು ಒತ್ತಿ ಹರಡಿದವರೂ ಅವರೇ. ತುಂಬಿದ ಉಗ್ರಾಣ ಎಂದರೆ ಯಾರದೋ ಮೊದಲೇ ಮಾಡಿಟ್ಟ ದುಡಿಮೆ. ಅದು ಮನೆಯವರೆಲ್ಲರಿಗೂ ಬಿಡುವು ತಂದಾಗಲೇ ಸಾರ್ಥಕ.

ಇಂದು ಫ್ರಿಜ್ ಇದೆ, ಅಂಗಡಿ ಹತ್ತಿರವಿದೆ, ರಸ್ತೆಯಿದೆ. ಆದರೂ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳಿಂದಲೇ. ಕೊರತೆಯಿದ್ದಾಗ ಇದ್ದ ಲೆಕ್ಕ ಸಮೃದ್ಧಿಯಲ್ಲಿ ತಪ್ಪಿಹೋಗಿದೆ.

ಆದ್ದರಿಂದ ಮಿತ್ರರೇ, ಈ ಮಳೆಗಾಲದ ಒಂದು ರಜೆಯ ದಿನ ಹೀಗೆ ಮಾಡಿ ನೋಡಿ. ಮನೆಯ ಡಬ್ಬಿಗಳನ್ನೆಲ್ಲ ತೆರೆದು ಪಟ್ಟಿ ಮಾಡಿ. ಹಳೆಯದನ್ನು ಮುಂದಕ್ಕಿಡಿ, ಕೆಟ್ಟದ್ದನ್ನು ಎಸೆಯಿರಿ. ಹೊಸದೇನನ್ನೂ ಕೊಳ್ಳದೆ, ಇರುವುದರಲ್ಲೇ ಅಂದಿನ ಅಡುಗೆ ಮಾಡಿ. ಅಡುಗೆ ನಿಮ್ಮದಾಗಲಿ, ಹುಡುಗರದ್ದೂ ಆಗಲಿ. ದಿನವೂ ಬಡಿಸುವವರು ಅಂದು ಮೊದಲ ಪಂಕ್ತಿಯಲ್ಲಿ ಕೂತು ಉಣ್ಣಲಿ.