ಮರಕ್ಕೆ ತಡೆ, ಗರಗಸಕ್ಕೆ ದಾರಿ

(ಶಾಲೆಯ ವಾರ್ಷಿಕೋತ್ಸವದಂದು ಕೈಗೆಲಸದ ಕೊಠಡಿಯ ಮುಂದೆ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ವಿದ್ಯೆಯ ಮಹಿಮೆಯನ್ನೂ ನಾಡುನುಡಿಯ ಹಿರಿಮೆಯನ್ನೂ ಕುರಿತು ಮಾತನಾಡುವುದು ವಾಡಿಕೆ. ಅವುಗಳನ್ನು ಕುರಿತು ನಮಗಿಂತ ಚೆನ್ನಾಗಿ ಮಾತನಾಡಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ನಾವು ಈ ದಿನ ಹೇಳಹೊರಟಿರುವುದು ಬೆರಳುದ್ದದ ಒಂದು ಮರದ ಗೂಟವನ್ನೂ ನೇರವಾದ ಒಂದು ಪಟ್ಟಿಯನ್ನೂ ಕುರಿತು. ಇಷ್ಟು ಕಿರಿದಾದ ವಿಷಯಕ್ಕೆ ಇಷ್ಟು ದೊಡ್ಡ ಸಭೆ ಏಕೆ ಎಂದು ಯಾರಾದರೂ ಕೇಳಬಹುದು. ಅವೆರಡೂ ಇಲ್ಲದ ಕಾರಣ ಈ ಶಾಲೆಯ ಒಬ್ಬ ಹುಡುಗನ ಕೈ ಹೋಗುವುದರಲ್ಲಿತ್ತು. ಆ ತಪ್ಪು ನಮ್ಮದು. ಅದನ್ನು ಹೇಳದೆ ಮುಂದಿನದನ್ನು ಹೇಳುವಂತಿಲ್ಲ.

ಶಾಲೆಯ ಅಂಗಳದಲ್ಲಿದ್ದ ಬೇವಿನ ಮರವು ಗಾಳಿಗೆ ಉರುಳಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ರಾಯದುರ್ಗದ ಈ ಒಣನೆಲದಲ್ಲಿ ಅಷ್ಟು ದಪ್ಪದ ಬೇವು ಬೆಳೆಯುವುದಕ್ಕೆ ಎರಡು ತಲೆಮಾರು ಬೇಕು. ಅದನ್ನು ಸೌದೆಗೆ ಮಾರಲು ಮನಸ್ಸಾಗದೆ, ಹಲಗೆ ಕೊಯ್ಯಿಸಿ, ನಡುನಡುವೆ ರೀಪುಗಳನ್ನಿಟ್ಟು ಎರಡು ಬೇಸಗೆ ನೆರಳಿನಲ್ಲಿ ಒಣಗಿಸಿದೆವು. ಮಕ್ಕಳಿಗೆ ಎಂಟು ಬೆಂಚುಗಳಾಗಬಹುದೆಂಬುದು ನಮ್ಮ ಲೆಕ್ಕ. ಒಂದು ವಿದ್ಯುತ್ ಗರಗಸವನ್ನು ಎರವು ತಂದು, ಎರಡು ಸ್ಟೂಲುಗಳ ಮೇಲೆ ಹಲಗೆಯನ್ನು ಚಾಚಿ, ಒಂದು ತುದಿಯನ್ನು ಹಿಡಿದುಕೊಳ್ಳುವಂತೆ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಹೇಳಿ, ಪೆನ್ಸಿಲಿನ ಗೆರೆಯನ್ನು ನೋಡುತ್ತ ಕೊಯ್ಯತೊಡಗಿದೆವು. ಅರ್ಧ ಕೊಯ್ದಿರಬಹುದು, ಗರಗಸವು ಒಮ್ಮೆ ಗೊಗ್ಗರಿಸಿ, ಹಲಗೆಯಿಂದ ಮೇಲೆದ್ದು, ಹಿಂದಕ್ಕೆ ಹಾರಿತು. ನಮ್ಮ ಪಂಚೆ ಹರಿಯಿತು. ಹಲಗೆ ತಿರುಗಿ ಕೆಳಗೆ ಬಿತ್ತು. ಗರಗಸವು ಬಿದ್ದೆಡೆಗೂ ಹುಡುಗನ ಕೈಗೂ ನಡುವೆ ಒಂದು ಗೇಣು ಅಂತರವಿತ್ತು.

ಸಂಜೆ ನಾವೇ ಅವರ ಮನೆಗೆ ಹೋಗಿ ನಡೆದುದನ್ನು ತಿಳಿಸಿದೆವು. ಆ ತಾಯಿ ನಮ್ಮನ್ನು ಬಯ್ಯಲಿಲ್ಲ. "ಹಲಗೆ ಹಿಡ್ಕಳಾಕ ನಮ್ಮ ಹುಡುಗನ ಕೈಯೇ ಬೇಕಿತ್ತೇನ್ರಿ?" ಎಂದು ಮಾತ್ರ ಕೇಳಿದರು. ಆ ಪ್ರಶ್ನೆಗೆ ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಈ ದಿನ ಹೇಳುತ್ತಿರುವುದೇ ಆ ಉತ್ತರ.

ಗರಗಸ ಏಕೆ ಹಾರಿತು? ಹಲಗೆಗೆ ಎರಡು ತುದಿಗಳಲ್ಲಿ ಮಾತ್ರ ಆಸರೆಯಿತ್ತು. ಕೊಯ್ತ ನಡುವಿಗೆ ಬಂದಂತೆ ಹಲಗೆ ಅಲ್ಲಿ ಕುಗ್ಗಿತು. ಕುಗ್ಗಿದಾಗ ಕೊಯ್ದ ಸಂದು ಮೇಲ್ಭಾಗದಲ್ಲಿ ಮುಚ್ಚಿಕೊಂಡು ತಿರುಗುವ ಅಲಗನ್ನು ಇಕ್ಕಳದಂತೆ ಹಿಡಿಯಿತು. ಮೋಟಾರಿನ ಬಲ ಮರವನ್ನು ಕೊಯ್ಯಲಾರದೆ ಯಂತ್ರವನ್ನೇ ನಡೆಸುವವನ ಕಡೆಗೆ ಎಸೆಯಿತು. ಇನ್ನೊಂದು ಕಾರಣವೂ ಇತ್ತು. ನಮ್ಮ ಕೈ ಗೆರೆಯಿಂದ ತುಸು ಓರೆಯಾಗಿತ್ತು. ಅದನ್ನು ಸರಿಪಡಿಸಹೋಗಿ ನಾವು ಗರಗಸವನ್ನು ಸಂದಿನೊಳಗೇ ತಿರುಚಿದೆವು. ನೇರವಾದ ಸಂದಿನಲ್ಲಿ ದುಂಡನೆಯ ಅಲಗು ತಿರುಗೀತೇ ಹೊರತು ಹೊರಳಲಾರದು. ಅಂದರೆ ಮರ ಅಲುಗಿತು, ಗರಗಸ ದಾರಿ ತಪ್ಪಿತು. ಕೊಯ್ತ ಕೆಡುವುದಕ್ಕೂ ಕೈ ಕೆಡುವುದಕ್ಕೂ ಇವೆರಡೇ ಕಾರಣಗಳು; ಗೂಟವು ಮೊದಲನೆಯದನ್ನು ತಡೆಯುತ್ತದೆ, ಪಟ್ಟಿಯು ಎರಡನೆಯದನ್ನು.

ಇದನ್ನು ನಮಗೆ ಮೊದಲು ತೋರಿಸಿಕೊಟ್ಟವರು ಪುಸ್ತಕದವರಲ್ಲ. ಮಡಕಶಿರದ ಕಡೆಯ, ಅಮರಾಪುರದ ಬಳಿಯ ಹಿರಿಯ ಬಡಗಿಯೊಬ್ಬರು ನೆಂಟರ ಮದುವೆಗೆಂದು ರಾಯದುರ್ಗಕ್ಕೆ ಬಂದಿದ್ದರು. ನಮ್ಮ ಕೆಟ್ಟ ಹಲಗೆಗಳನ್ನು ನೋಡಿ ಅವರು ನಕ್ಕರು. ನೆಲದ ಮೇಲೆ ಕುಳಿತು, ಒಂದು ತುಂಡನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಹೆಬ್ಬೆರಳನ್ನು ಅದರ ತುದಿಗೆ ಒಡ್ಡಿ, ಉಜ್ಜುಗೊರಡಿನಿಂದ ನಾಲ್ಕು ಸಲ ಎಳೆದರು. ಹಲಗೆ ಕದಲಲಿಲ್ಲ. ನಮ್ಮ ದೇಶದ ಬಡಗಿಗಳಿಗೆ ಕಾಲೇ ಕೆಲಸದ ಮೇಜು, ಕಾಲ್ಬೆರಳೇ ತಡೆಗೂಟ. ಅದನ್ನು ಕೀಳೆಂದು ತಿಳಿಯಬಾರದು. ಆದರೆ ನಿಮಿಷಕ್ಕೆ ಸಾವಿರಾರು ಸಲ ತಿರುಗುವ ಅಲಗಿನ ಮುಂದೆ ಹೆಬ್ಬೆರಳನ್ನು ಒಡ್ಡಲಾಗದು. ಆ ಹಿರಿಯರೂ ಅದನ್ನೇ ಹೇಳಿದರು.

ಇಲ್ಲಿ ಒಂದು ಮಾತು. ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಬಳಿಕ ಅನಂತಪುರಕ್ಕೆ ಸೇರಿತು. ಮಡಕಶಿರವು 2022ರಲ್ಲಿ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆಗಳು ಬದಲಾದರೂ ಬಡಗಿಯ ಚೀಲದಲ್ಲಿ ಉಳಿ ಉಳಿಯಾಗಿಯೇ ಇದೆ. ತೆಲುಗಿನಲ್ಲಿಯೂ ಅದಕ್ಕೆ ಬಹುಮಟ್ಟಿಗೆ ಅದೇ ಹೆಸರು. ಗರಗಸಕ್ಕೆ ಮಾತ್ರ ತೆಲುಗಿನವರು ರಂಪ ಎನ್ನುತ್ತಾರೆ. ಕನ್ನಡದಲ್ಲಿ ರಂಪವೆಂದರೆ ಗಲಾಟೆ. ವಿದ್ಯುತ್ ಗರಗಸದ ಸದ್ದನ್ನು ಕೇಳಿದ ಮೇಲೆ ತೆಲುಗಿನವರ ಹೆಸರೇ ಹೆಚ್ಚು ಒಪ್ಪುವುದೆಂದು ನಮಗೆ ತೋರಿದೆ.

ಇನ್ನು ಗೂಟದ ವಿಚಾರ. ಕೆಲಸದ ಮೇಜಿನ ಹಲಗೆಯಲ್ಲಿ ಸಾಲಾಗಿ ರಂಧ್ರಗಳನ್ನು ಕೊರೆದು, ಬೇಕಾದ ರಂಧ್ರದಲ್ಲಿ ಗೂಟವನ್ನಿಳಿಸಿ, ಅದಕ್ಕೆ ಮರವನ್ನು ಒತ್ತಿ ನಿಲ್ಲಿಸುವುದು ಬಹು ಹಳೆಯ ಉಪಾಯ. ಫ್ರಾನ್ಸಿನ ಆಂದ್ರೆ ಜಾಕೊಬ್ ರೂಬೊ ಎಂಬ ಮರಗೆಲಸದ ಪಂಡಿತನು 1769ರಿಂದ ಅಚ್ಚುಹಾಕಿಸತೊಡಗಿದ ತನ್ನ ದೊಡ್ಡ ಗ್ರಂಥದಲ್ಲಿ ಇಂತಹ ತಡೆಯುಳ್ಳ ಮೇಜಿನ ಚಿತ್ರವನ್ನು ಕೊಟ್ಟಿದ್ದಾನೆ. ಇಂಗ್ಲಿಷಿನವರು ಈ ಗೂಟವನ್ನು 'ಬೆಂಚ್ ಡಾಗ್', ಅಂದರೆ ಮೇಜಿನ ನಾಯಿ ಎನ್ನುತ್ತಾರೆ. ಕಚ್ಚಿ ಹಿಡಿಯುವ ಹಲವು ಸಾಧನಗಳಿಗೆ ಅವರು ಆ ಹೆಸರನ್ನಿಟ್ಟಿದ್ದಾರೆ. ಇದನ್ನು ಕೇಳಿದ ದಿನದಿಂದ ಐದನೆಯ ತರಗತಿಯವರು ನಮ್ಮ ಗೂಟಗಳಿಗೆ ಒಂದೊಂದು ಹೆಸರಿಟ್ಟು ಕರೆಯುತ್ತಿದ್ದಾರೆ.

ಈಗಿನ ಮೇಜುಗಳಲ್ಲಿ ರಂಧ್ರದ ಅಗಲ 20 ಮಿಲಿಮೀಟರ್, ಒಂದು ರಂಧ್ರದ ನಡುವಿನಿಂದ ಇನ್ನೊಂದರ ನಡುವಿಗೆ 96 ಮಿಲಿಮೀಟರ್ ಇರುವುದು ಹೆಚ್ಚು ಬಳಕೆಯಲ್ಲಿದೆ. ಇದೇಕೆ ನೂರಲ್ಲ, ತೊಂಬತ್ತಾರು? ಯೂರೋಪಿನ ಬೀರು ತಯಾರಕರು ಅರೆಗಳ ರಂಧ್ರಗಳನ್ನು 32 ಮಿಲಿಮೀಟರಿಗೊಂದರಂತೆ ಕೊರೆಯುವ ಕ್ರಮವನ್ನಿಟ್ಟುಕೊಂಡಿದ್ದಾರೆ. ಮೂರು ಮೂವತ್ತೆರಡು ತೊಂಬತ್ತಾರು. ನಾವೂ ಅದನ್ನೇ ಅನುಸರಿಸಿ, 18 ಮಿಲಿಮೀಟರ್ ದಪ್ಪದ ಎರಡು ಪ್ಲೈವುಡ್ ಹಲಗೆಗಳನ್ನು ಅಂಟಿಸಿ ಮೇಜಿನ ಮೇಲ್ಮೈಯನ್ನು ಮಾಡಿದೆವು. ಗೂಟಗಳು ಕರಿಜಾಲಿಯವು. ಕಬ್ಬಿಣದ ಗೂಟ ಇನ್ನೂ ಗಟ್ಟಿಯಲ್ಲವೇ ಎಂದು ಒಬ್ಬ ಪೋಷಕರು ಕೇಳಿದ್ದರು. ಗಟ್ಟಿ, ನಿಜ, ಆದರೆ ಅಲಗು ತಪ್ಪಿ ತಾಗಿದರೆ ಮರದ ಗೂಟಕ್ಕೆ ಗಾಯವಾಗುವುದಷ್ಟೇ, ಕಬ್ಬಿಣವಾದರೆ ಅಲಗಿನ ಹಲ್ಲು ಮುರಿದು ಮುಖಕ್ಕೆ ಹಾರೀತು.

ರಂಧ್ರಗಳ ಸಾಲು ನೇರವಾಗಿರಬೇಕು. ಅಡ್ಡಸಾಲು ಅದಕ್ಕೆ ಸರಿಯಾದ ಲಂಬದಲ್ಲಿರಬೇಕು. ಇದಕ್ಕೆ ನೀವು ರೇಖಾಗಣಿತದಲ್ಲಿ ಓದಿದ ಮೂರು, ನಾಲ್ಕು, ಐದರ ಲೆಕ್ಕವೇ ಸಾಕು: ಒಂದು ಸಾಲಿನಲ್ಲಿ ಮೂರು ಮನೆ, ಇನ್ನೊಂದರಲ್ಲಿ ನಾಲ್ಕು ಮನೆ ಎಣಿಸಿದರೆ ಕರ್ಣವು ಐದು ಮನೆ, ಅಂದರೆ 480 ಮಿಲಿಮೀಟರ್ ಇರಬೇಕು. ಬೌಧಾಯನನ ಶುಲ್ಬಸೂತ್ರದಲ್ಲಿ ಯಜ್ಞವೇದಿಯನ್ನು ಅಳೆಯುವುದಕ್ಕೆ ಹೇಳಿರುವುದೂ ಕರ್ಣದ ಈ ನಿಯಮವನ್ನೇ.

ಪಟ್ಟಿಯ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಗರಗಸ ಓಡಬೇಕಾದ ದಾರಿಗೆ ಲೋಹದ ಹಳಿಯನ್ನು ಹಾಸುವ ಪದ್ಧತಿಯನ್ನು ಜರ್ಮನಿಯ ಫೆಸ್ಟೊ ಎಂಬ ಕಾರ್ಖಾನೆಯವರು 1960ರ ದಶಕದಲ್ಲಿ ಬಳಕೆಗೆ ತಂದರು. ಅದರ ಬೆಲೆ ನಮ್ಮಂತಹ ಶಾಲೆಗೆ ನಿಲುಕುವಂಥದಲ್ಲ. ಆದರೆ ಅದರ ಗುಟ್ಟು ಬೆಲೆಯಲ್ಲಿಲ್ಲ. ಅಗಲವಾದ ತೆಳು ಪ್ಲೈವುಡ್ಡಿನ ಮೇಲೆ, ಒಂದು ಅಂಚಿನ ಕಡೆಗೆ, ನೇರವಾದ ಒಂದು ರೀಪನ್ನು ಅಂಟಿಸಿ ತಿರುಪುಮೊಳೆ ಹಾಕಿರಿ. ಗರಗಸದ ತಳದ ಅಂಚನ್ನು ಆ ರೀಪಿಗೆ ಒತ್ತಿ ಒಮ್ಮೆ ನಡೆಸಿರಿ. ಹೆಚ್ಚಾಗಿದ್ದ ಪ್ಲೈವುಡ್ಡನ್ನು ಗರಗಸವೇ ಕೊಯ್ದು ಹಾಕುತ್ತದೆ. ಉಳಿದ ಅಂಚು ಎಲ್ಲಿದೆಯೋ ಅಲ್ಲಿಯೇ ಆ ಗರಗಸ ಎಂದೆಂದಿಗೂ ಕೊಯ್ಯುವುದು. ಆಮೇಲೆ ಅಳತೆಯ ಲೆಕ್ಕವೇ ಬೇಡ. ಆ ಅಂಚನ್ನು ಪೆನ್ಸಿಲಿನ ಗೆರೆಯ ಮೇಲಿಟ್ಟರಾಯಿತು. ಅಲಗಿನ ದಪ್ಪದಷ್ಟು, ಎಂದರೆ ಎರಡು ಮೂರು ಮಿಲಿಮೀಟರ್ ಮರ ಪುಡಿಯಾಗಿ ಹೋಗುವುದು ಮಾತ್ರ ನೆನಪಿರಲಿ. ಪಟ್ಟಿ ಯಾವಾಗಲೂ ನಮಗೆ ಬೇಕಾದ ತುಂಡಿನ ಮೇಲಿರಬೇಕು, ಪುಡಿ ಬೇಡದ ತುಂಡಿನ ಪಾಲಿಗೆ ಹೋಗಬೇಕು.

ಇವೆರಡನ್ನೂ ಕೂಡಿಸುವ ಬಗೆ ಹೀಗೆ. ಮೇಜಿನ ಉದ್ದದ ಸಾಲಿನಲ್ಲಿ ಎರಡು ಗಿಡ್ಡ ಗೂಟಗಳು. ಹಲಗೆಯ ಒಂದು ಅಂಚು ಅವಕ್ಕೆ ತಾಗಿ ನಿಲ್ಲುತ್ತದೆ. ಅಡ್ಡಸಾಲಿನಲ್ಲಿ ಎರಡು ಎತ್ತರದ ಗೂಟಗಳು; ಹಲಗೆಯ ಮೇಲೆ ಮಲಗಿದ ದಾರಿಪಟ್ಟಿಯ ಅಂಚು ಅವಕ್ಕೆ ತಾಗುತ್ತದೆ. ಮೂಲೆಮಟ್ಟವನ್ನು ಹಿಡಿಯದೆಯೇ ಕೊಯ್ತ ಲಂಬವಾಗಿ ಬರುತ್ತದೆ. ಹಲಗೆಯ ಕೆಳಗೆ ಉದ್ದಕ್ಕೂ ಒಂದು ಹಳೆಯ ಹಲಗೆಯ ಆಸರೆಯಿರುವುದರಿಂದ ಅದು ಕುಗ್ಗುವುದಿಲ್ಲ, ಸಂದು ಮುಚ್ಚುವುದಿಲ್ಲ. ಅಲಗು ಮರದ ದಪ್ಪಕ್ಕಿಂತ ನಾಲ್ಕೈದು ಮಿಲಿಮೀಟರಿನಷ್ಟು ಮಾತ್ರ ಕೆಳಗಿಳಿದಿರಬೇಕು. ಹಿಡಿದುಕೊಳ್ಳುವುದಕ್ಕೆ ಯಾರ ಕೈಯೂ ಬೇಡ.

ಆದರೆ ನಾವು ಕೊರೆದ ರಂಧ್ರಗಳು ಸರಿಯೆಂದು ನಂಬುವುದು ಹೇಗೆ? ಇದಕ್ಕೆ ಐದು ಕೊಯ್ತಗಳ ಪರೀಕ್ಷೆಯೆಂಬುದೊಂದಿದೆ. ಸುಮಾರು 400 ಮಿಲಿಮೀಟರಿನ ಚೌಕ ಹಲಗೆಯನ್ನು ತೆಗೆದುಕೊಂಡು ಒಂದು ಅಂಚನ್ನು ಕೊಯ್ಯಿರಿ. ಹೊಸದಾಗಿ ಕೊಯ್ದ ಅಂಚನ್ನು ಗೂಟಕ್ಕೆ ತಾಗಿಸಿ ಮುಂದಿನ ಅಂಚನ್ನು ಕೊಯ್ಯಿರಿ. ಹೀಗೆ ಒಂದೇ ದಿಕ್ಕಿಗೆ ತಿರುಗಿಸುತ್ತ ನಾಲ್ಕೂ ಅಂಚುಗಳಾದ ಮೇಲೆ ಮೊದಲನೆಯ ಅಂಚಿನಿಂದ ಒಂದು ಕಿರಿಯ ಪಟ್ಟಿಯನ್ನು ಕೊಯ್ದು ತೆಗೆಯಿರಿ. ಆ ಪಟ್ಟಿಯ ಎರಡು ತುದಿಗಳ ಅಗಲ ಒಂದೇ ಆಗಿದ್ದರೆ ಮೇಜು ಸರಿ. ಬೇರೆಯಾಗಿದ್ದರೆ, ಆ ವ್ಯತ್ಯಾಸದ ನಾಲ್ಕನೆಯ ಒಂದು ಪಾಲು ನಿಜವಾದ ತಪ್ಪು. ನಾಲ್ಕನೆಯ ಪಾಲೇ ಏಕೆ? ಚತುರ್ಭುಜದ ಕೋನಗಳ ಮೊತ್ತ 360 ಅಂಶ. ಮೇಜು ಮೂರು ಮೂಲೆಗಳಲ್ಲಿ ಒಂದೊಂದು ಪಾಲು ತಪ್ಪಿದರೆ ನಾಲ್ಕನೆಯ ಮೂಲೆಯು ಮೂರು ಪಾಲು ಹಿಂದೆ ಬೀಳಲೇಬೇಕು. ಐದನೆಯ ಕೊಯ್ತ ಅಲ್ಲಿಗೆ ತನ್ನದೊಂದು ಪಾಲನ್ನು ಸೇರಿಸುತ್ತದೆ. ಕಣ್ಣಿಗೆ ಕಾಣದ ತಪ್ಪು ಹೀಗೆ ನಾಲ್ಕು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ.

ನಮ್ಮ ಮೊದಲ ಪಟ್ಟಿ ಒಂದು ತುದಿಯಲ್ಲಿ 6 ಮಿಲಿಮೀಟರ್, ಇನ್ನೊಂದರಲ್ಲಿ 8 ಬಂದಿತು. ವ್ಯತ್ಯಾಸ ಎರಡು, ತಪ್ಪು ಅರ್ಧ ಮಿಲಿಮೀಟರ್. ರಂಧ್ರಗಳನ್ನು ಮತ್ತೆ ಕೊರೆಯಬೇಕಾಯಿತಲ್ಲ ಎಂದು ನಾವು ತಲೆಯ ಮೇಲೆ ಕೈಯಿಟ್ಟು ಕುಳಿತಾಗ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಗೂಟಕ್ಕೆ ಕಾಗದ ಸುತ್ತಬಾರದೇಕೆ ಎಂದು ಕೇಳಿದಳು. ಸಾಧಾರಣ ಬರೆಯುವ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್. ಒಂದು ಎತ್ತರದ ಗೂಟಕ್ಕೆ ಐದು ಸುತ್ತು ಸುತ್ತಿ ಮತ್ತೆ ಕೊಯ್ದೆವು. ಎರಡು ತುದಿಗಳ ವ್ಯತ್ಯಾಸ 0.2ಕ್ಕೆ ಇಳಿದಿತ್ತು, ಎಂದರೆ ತಪ್ಪು 0.05. ಆ ಹುಡುಗಿಯನ್ನು ಕೈಗೆಲಸಕ್ಕೆ ಕಳುಹಿಸಲು ಮನೆಯವರು ಮೊದಲು ಒಪ್ಪಿರಲಿಲ್ಲವೆಂಬುದನ್ನು, ಅವರ ಕ್ಷಮೆ ಬೇಡಿ, ಇಲ್ಲಿ ಹೇಳುತ್ತಿದ್ದೇವೆ.

ಪಟ್ಟಿ ಹಿಡಿದು ಕೊಯ್ಯುವವನು ಬಡಗಿಯೇ ಅಲ್ಲ, ಕೈ ಪಳಗಬೇಕು, ಕಣ್ಣು ಪಳಗಬೇಕು ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಹಲಗೆಯ ಎಳೆ ಯಾವ ಕಡೆಗೆ ಓಡಿದೆ, ಯಾವ ಗಂಟು ಸಿಡಿದೀತು ಎಂಬುದನ್ನು ಯಾವ ಪಟ್ಟಿಯೂ ಹೇಳಲಾರದು. ಆದುದರಿಂದಲೇ ನಮ್ಮಲ್ಲಿ ಮೊದಲ ವರ್ಷ ಕೈಗರಗಸವೇ ಹೊರತು ಬೇರೆಯಿಲ್ಲ. ವಿದ್ಯುತ್ ಗರಗಸವನ್ನು ಮಕ್ಕಳು ಮುಟ್ಟುವಂತೆಯೇ ಇಲ್ಲ, ಅದನ್ನು ನಡೆಸುವವರು ದೊಡ್ಡವರು, ಅದೂ ಕನ್ನಡಕ ಹಾಕಿಕೊಂಡು. ಆದರೆ ರಾಯದುರ್ಗದ ನೇಕಾರರ ಮನೆಯಲ್ಲಿ ಹುಟ್ಟಿದವರನ್ನು ಕೇಳಿರಿ. ಲಾಳಿಯನ್ನು ಕೈಯಿಂದ ಕೈಗೆ ಎಸೆಯುವ ಕಾಲ ಹೋಗಿ, ಜಾನ್ ಕೇ ಎಂಬಾತ 1733ರಲ್ಲಿ ಕಂಡುಹಿಡಿದಂತೆ ಅದು ಹಲಗೆಯ ದಾರಿಯಲ್ಲಿ ತಾನೇ ಓಡತೊಡಗಿದಾಗ, ನೇಕಾರ ನೇಕಾರನಲ್ಲದೆ ಹೋದನೇ? ಮಡಕಶಿರದ ಸೀಮೆಯ ಹೇಮಾವತಿಯಲ್ಲಿ, ನೊಳಂಬರ ರಾಜಧಾನಿಯಾದ ಆ ಹೆಂಜೇರಿನಲ್ಲಿ, ಕಪ್ಪು ಕಲ್ಲಿನ ಕಂಬಗಳನ್ನು ನೋಡಿದಾಗಲೆಲ್ಲ, ನೂಲೂ ಅಚ್ಚೂ ಇಲ್ಲದ ಬರಿಯ ಕಣ್ಣಳತೆಯಿಂದ ಆ ಸಮತೆ ಬಂದೀತೆಂದು ನಮಗೆ ಅನಿಸಿಲ್ಲ.

ನಮ್ಮ ಹುಡುಗರಲ್ಲಿ ಹಲವರು ಓದು ಮುಗಿಸಿ, ಕೆಲವರು ಮುಗಿಸದೆಯೇ, ಬೆಂಗಳೂರಿಗೆ ಒಳಾಂಗಣದ ಮರಗೆಲಸಕ್ಕೆ ಹೋಗುತ್ತಾರೆ. ಅಲ್ಲಿ ಅವಸರವೇ ಯಜಮಾನ. ಹಲಗೆಯನ್ನು ಮೊಣಕಾಲಿಗೊತ್ತಿ ಕೊಯ್ಯುವುದನ್ನು ನಾವೇ ಕಂಡಿದ್ದೇವೆ. ಎರಡು ಗೂಟ, ಒಂದು ಪಟ್ಟಿಯನ್ನು ಸಿದ್ಧಮಾಡಿಕೊಳ್ಳುವುದಕ್ಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವನ್ನು ಕೇಳಿ ಪಡೆಯುವ ಧೈರ್ಯವನ್ನು ನೀವು ಮನೆಯಲ್ಲಿಯೇ ಅವರಿಗೆ ಹೇಳಿಕೊಡಬೇಕೆಂದು ಪೋಷಕರಲ್ಲಿ ನಮ್ಮ ಬಿನ್ನಹ.

ಬೇವಿನ ಹಲಗೆಗಳಿಂದ ಎಂಟರ ಬದಲು ಐದು ಬೆಂಚುಗಳಾದವು. ನಮ್ಮ ಕಣ್ಣಳತೆಯಿಂದ ಮೊದಲು ಮಾಡಿದ ಎರಡು ಈಗಲೂ ಅಲುಗುತ್ತವೆ; ಅವು ಹಿಂದಿನ ಸಾಲಿನಲ್ಲಿವೆ, ಒಂದರ ಮೇಲೆ ಈಗ ನಮ್ಮ ಕಾರ್ಯದರ್ಶಿಗಳೇ ಕುಳಿತಿದ್ದಾರೆ. ಕೊಠಡಿಯ ಬಾಗಿಲು ಶನಿವಾರ ಮಧ್ಯಾಹ್ನ ಎಲ್ಲರಿಗೂ ತೆರೆದಿರುತ್ತದೆ. ಆ ಹುಡುಗನ ತಾಯಿಯವರು ಕಳೆದ ವಾರ ಬಂದು, ಹಲಗೆಯನ್ನು ಗೂಟಗಳ ನಡುವೆ ಅಲುಗಿಸಿ ನೋಡಿ ಹೋದರು. ಕೆಲಸ ಮುಗಿದ ಮೇಲೆ ಗೂಟಗಳನ್ನು ಬುಟ್ಟಿಗೆ ಹಿಂದಿರುಗಿಸತಕ್ಕದ್ದು. ಹನ್ನೆರಡರಲ್ಲಿ ಈಗ ಒಂಬತ್ತು ಮಾತ್ರ ಉಳಿದಿವೆ. ಉಳಿದ ಮೂರು ಚಿಣ್ಣಿಕೋಲಿನ ಆಟಕ್ಕೆ ಹೋಗಿವೆಯೆಂದು ನಮಗೆ ವರದಿ ಬಂದಿದೆ.