ಹುಲಿಯ ಕಣ್ಣೀರು

ಒಳ್ಳೆಯತನ ನಮಗೆ ಎಲ್ಲಿಂದ ಬಂತು? ಪ್ರಕೃತಿಯಿಂದಲೋ, ಮನುಷ್ಯರ ಒಡನಾಟದಿಂದಲೋ, ದೇವರಿಂದಲೋ?

2003ರಲ್ಲಿ ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಎಂಬ ವಿಜ್ಞಾನಿಗಳು ಕ್ಯಾಪುಚಿನ್ ಕೋತಿಗಳ ಮೇಲಿನ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದೇ ಕೆಲಸಕ್ಕೆ ಒಂದು ಕೋತಿಗೆ ಸೌತೆಕಾಯಿ, ಪಕ್ಕದ್ದಕ್ಕೆ ದ್ರಾಕ್ಷಿ. ಅದನ್ನು ಕಂಡು ಎಷ್ಟೋ ಸಲ ಮೊದಲನೆಯದು ಸೌತೆಕಾಯಿಯನ್ನೇ ಒಲ್ಲೆನೆಂದಿತು. ತನಗಾದ ಅನ್ಯಾಯ ಕೋತಿಗೂ ತಿಳಿಯುವಂತಿದೆ. ಆದರೆ ಇನ್ನೊಬ್ಬರಿಗೆ ನಾನು ಮಾಡಲಿರುವ ಅನ್ಯಾಯ? ಕಷ್ಟದ ಪ್ರಶ್ನೆ ಅದು.

ಅದಕ್ಕೆ ನಾನು ನಮ್ಮ ಗೋವಿನ ಹಾಡಿಗೇ ಮರಳುತ್ತೇನೆ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಹುಲಿಗೆ ಮಾತು ಕೊಟ್ಟು ಹೋದ ಹಸು ಪುಣ್ಯಕೋಟಿಯ ಸತ್ಯವನ್ನು ಎಲ್ಲರೂ ಹೊಗಳುತ್ತೇವೆ. ನನ್ನನ್ನು ಕಾಡುವುದು ಹುಲಿ. ಅದರ ಹಸಿವು ಸುಳ್ಳಲ್ಲ. ಹಸುವನ್ನು ತಿನ್ನುವುದು ಅದರ ಪ್ರಕೃತಿ, ಅಪರಾಧವೇನಲ್ಲ. ಆದರೂ ಮಾತಿಗೆ ತಪ್ಪದೆ ಮರಳಿ ಬಂದ ಹಸುವನ್ನು ಕಂಡಾಗ ಅದು ಅಳುತ್ತದೆ. ಇವಳನ್ನು ಕೊಂದರೆ ಪರಮಾತ್ಮ ಮೆಚ್ಚಲಾರನೆಂದು ಯೋಚಿಸುತ್ತದೆ. ಆಮೇಲೆ ಆ ಹಸುವನ್ನೇ ಒಡಹುಟ್ಟಿದ ಅಕ್ಕ ಎನ್ನುತ್ತದೆ, ತಾನೇ ಪ್ರಾಣ ಬಿಡುತ್ತದೆ. ಹಸಿವು, ದೇವರು, ಅಕ್ಕ: ಮೂರೂ ಒಂದೇ ಎದೆಯಲ್ಲಿ! ಹೆಸರು ಉಳಿಸದೆ ಹೋದ ಆ ಜನಪದ ಕವಿ ಎಂಥ ಅಂತಃಕರಣದವನು.

ಹಾಡಿನಲ್ಲಿ ದೇವರ ನೆನಪಿಗಿಂತ ಮೊದಲು ಬರುವುದು ಕಣ್ಣೀರು. ಭಕ್ತರೂ ನಾಸ್ತಿಕರೂ ಒಟ್ಟಿಗೆ ಕೂತು ಮಾತಾಡಬಹುದಾದ ಜಾಗ ಅದೇ ಎಂದು ನಾನು ನಂಬಿದ್ದೇನೆ. ಚಿಕ್ಕಂದಿನಲ್ಲಿ ಹುಲಿ ಪ್ರಾಣ ಬಿಡುವ ಸಾಲು ಬಂದಾಗ ನಾನು ಅತ್ತಿದ್ದೆ, ಹುಲಿಗಾಗಿ. ಅಳು ಎಂದು ಯಾರೂ ಹೇಳಿರಲಿಲ್ಲ.